ಅಜ್ಜನ ಕೊಟ್ಟಿಗೆ ಕೆಡವುವ ಮಾತು ನಡೆದಿದೆ, ನಾನು ಅದರ ಚಿತ್ರ ಬರೆಯುತ್ತಿದ್ದೇನೆ. ನಿಮ್ಮ ಕಡೆ ಹಳೇ ಕೊಟ್ಟಿಗೆ ಉಳಿದಿವೆಯಾ?

ಇದ್ದಿಲುಗೆರೆ (ಆಲೂರು)
ಎಲ್ಲರಿಗೂ ನಮಸ್ಕಾರ. ನಮ್ಮದು ಹಾಸನ ಜಿಲ್ಲೆ, ಆಲೂರು ತಾಲ್ಲೂಕು. ಮನೆ ಹಿಂದೆ ಅಜ್ಜ ಕಟ್ಟಿಸಿದ ಕೊಟ್ಟಿಗೆ ಇದೆ. ಹದಿನಾರು ಹಲಸಿನ ಕಂಬ, ಮೇಲೆ ಹುಲ್ಲು ತುಂಬುವ ಅಟ್ಟ, ಮೂಲೆಯಲ್ಲಿ ಭತ್ತ ತುಂಬುವ ಪಣತ (ಕಣಜ). ದನ ಮಾರಿ ಆರು ವರ್ಷವಾಯಿತು. ಈಗ ಒಳಗೆ ಗೊಬ್ಬರದ ಚೀಲ, ಒಂದು ನೊಗ, ಹರಿದ ಟಾರ್ಪಾಲು.

ಅಣ್ಣ ಅದನ್ನು ಕೆಡವಿ ಪಿಕಪ್ ನಿಲ್ಲಿಸಲು ಶೀಟಿನ ಶೆಡ್ ಹಾಕೋಣ ಅನ್ನುತ್ತಾನೆ. ಅವನದ್ದೂ ತಪ್ಪಲ್ಲ, ಹೆಂಚು ಕೈಯಾಡಿಸಿ ಎಷ್ಟೋ ವರ್ಷವಾಗಿದೆ, ಮಳೆ ಒಳಗೇ ಸುರಿಯುತ್ತದೆ. ಮರದ ವ್ಯಾಪಾರಿಯೊಬ್ಬರು ಬಂದು ಕಂಬಗಳನ್ನು ತಟ್ಟಿ ನೋಡಿ ಹೋಗಿದ್ದಾರೆ. ಹೋಂಸ್ಟೇಗಳಿಗೆ ಹಳೇ ಮರ ಬೇಕಂತೆ.

ನಾನು ಎರಡು ತಿಂಗಳಿಂದ ಸಂಜೆ ಅಲ್ಲೇ ಕೂತು ಇದ್ದಿಲಿನಲ್ಲಿ ಚಿತ್ರ ಬರೆಯುತ್ತಿದ್ದೇನೆ. ಸೂರಿನಲ್ಲಿ ಒಂದೇ ಒಂದು ಗಾಜಿನ ಹೆಂಚಿದೆ. ನಾಲ್ಕು ಗಂಟೆ ಹೊತ್ತಿಗೆ ಅದರಿಂದ ಇಳಿಯುವ ಬೆಳಕು ನೇರ ದನಕ್ಕೆ ಮೇವು ಹಾಕುವ ಗೋದಲಿಯ ಮೇಲೆ ಬೀಳುತ್ತದೆ. ದನದ ನಾಲಿಗೆ ಉಜ್ಜಿ ಉಜ್ಜಿ ಆ ಮರ ಕನ್ನಡಿಯಂತೆ ನಯವಾಗಿದೆ. ಮೊದಲ ಸಲ ಅದನ್ನು ಬರೆಯುವಾಗ ಕೈ ನಿಂತುಹೋಯಿತು. ಚಿಕ್ಕಂದಿನಿಂದ ಪ್ರತಿ ಕ್ರಿಸ್ಮಸ್‌ಗೆ, ಮರಿಯ ಮಗು ಯೇಸುವನ್ನು ‘ಗೋದಲಿಯಲ್ಲಿ ಮಲಗಿಸಿದಳು’ ಅಂತ ಕೇಳಿದ್ದೇನೆ. ನಮ್ಮ ಮನೆಯ ಹಿಂದೆಯೇ ಇದ್ದದ್ದು ಅದೇ ಗೋದಲಿ ಅಂತ ಹೊಳೆದದ್ದು ಅವತ್ತೇ.

ಫಾದರ್ ನೋಡಿ ಖುಷಿಪಟ್ಟು, ಈ ಸಲ ಕ್ರಿಸ್ಮಸ್‌ಗೆ ಚರ್ಚಿನಲ್ಲಿ ಕಟ್ಟುವ ಗೋದಲಿಯ ಹಿಂದೆ ಇದನ್ನೇ ದೊಡ್ಡದಾಗಿ ಬರೆದುಕೊಡು ಅಂದರು. ಆದರೆ ಕೆಲವು ಹಿರಿಯರಿಗೆ ಇಷ್ಟವಿಲ್ಲ. ‘ಸಗಣಿ ಕೊಟ್ಟಿಗೆ ಯಾಕೆ, ಖರ್ಜೂರದ ಮರ, ನಕ್ಷತ್ರ ಇರುವ ಚೆಂದದ ಬೆತ್ಲೆಹೇಮ್ ಬರಿ’ ಅನ್ನುತ್ತಾರೆ. ನಿಮಗೇನು ಅನ್ನಿಸುತ್ತದೆ? ನಿಮ್ಮ ಕಡೆ ಇಂಥ ಕೊಟ್ಟಿಗೆ ಇದ್ದರೆ ಹೇಳಿ, ಬಂದು ಬರೆದುಕೊಳ್ಳುತ್ತೇನೆ.

ಕಾಫಿಕಣ (ಮೂಡಿಗೆರೆ)
ದಯವಿಟ್ಟು ವ್ಯಾಪಾರಿಗೆ ಕೊಡಬೇಡಿ. ನಾವು ಕೊಟ್ಟು ಈಗ ಪಶ್ಚಾತ್ತಾಪ ಪಡುತ್ತಿದ್ದೇವೆ.

ಬಯಲುಸೀಮೆ_ಅಣ್ಣ (ಅರಸೀಕೆರೆ)
ಭಾವನೆ ಒಳ್ಳೆಯದೇ. ಆದರೆ ನಿಮ್ಮಣ್ಣನ ಕಷ್ಟವನ್ನೂ ನೋಡಬೇಕು ಅಲ್ವಾ? ಹೆಂಚಿನ ಕೆಲಸ ಗೊತ್ತಿರುವವರು ಸಿಗುವುದೇ ಕಷ್ಟ. ಹೆಂಚು ಕೂರಿಸುವ ರೀಪು ಹುಳ ಹಿಡಿದಿದ್ದರೆ ಪೂರ್ತಿ ಬಿಚ್ಚಲೇಬೇಕು. ಚಿತ್ರ ಬರೆದುಕೊಳ್ಳಿ, ಫೋಟೋ ತೆಗೆದಿಡಿ, ಕೆಡವಿ. ಮನೆ ಇರುವುದು ಬದುಕಲಿಕ್ಕೆ.

ಎರಡನೇ ಸಾಲು (ಚಿಕ್ಕಮಗಳೂರು)
ಚಿತ್ರಕಲೆ ಕಲಿಸುವವಳಾಗಿ ಒಂದು ಮಾತು. ನೀವು ಮಾಡುತ್ತಿರುವುದು ಹೊಸದೇನಲ್ಲ, ದೊಡ್ಡವರು ನಡೆದ ದಾರಿ. ಡಚ್ ಚಿತ್ರಕಾರ ರೆಂಬ್ರಾಂಟ್ 1646ರಲ್ಲಿ ಕುರುಬರು ಬಾಲಯೇಸುವನ್ನು ಕಾಣಲು ಬಂದ ಚಿತ್ರ ಬರೆದ. ಅದು ಜರ್ಮನಿಯ ಮ್ಯೂನಿಕ್‌ನಲ್ಲಿದೆ. ಅದು ಬೆತ್ಲೆಹೇಮ್ ಅಲ್ಲವೇ ಅಲ್ಲ, ಅವನ ದೇಶದ ರೈತರ ಕತ್ತಲೆ ಕೊಟ್ಟಿಗೆ. ದಪ್ಪ ತೊಲೆ, ಏಣಿ, ಅಟ್ಟ. ಒಬ್ಬ ಮುದುಕನ ಕೈಯಲ್ಲಿ ಲಾಟೀನಿದೆ. ಆದರೂ ಜಾಸ್ತಿ ಬೆಳಕು ಬರುವುದು ಮಗುವಿನ ಕಡೆಯಿಂದ.

ಇನ್ನೊಬ್ಬ ಫ್ಲೆಮಿಷ್ ಚಿತ್ರಕಾರ ಬ್ರೂಗೆಲ್. 1563ರಲ್ಲಿ ಮೂವರು ಜ್ಞಾನಿಗಳ ಭೇಟಿಯನ್ನು ಹಿಮ ಸುರಿಯುವ ತನ್ನೂರಿನ ಬೀದಿಯಲ್ಲೇ ಬರೆದ. ಕೊಟ್ಟಿಗೆ ಇರುವುದು ಎಡಗಡೆ ಅಂಚಿನಲ್ಲಿ, ಹುಡುಕಿದರೆ ಮಾತ್ರ ಕಾಣುತ್ತದೆ. ಊರಿನ ಜನ ನೀರು ಹೊರುತ್ತಾ ಅವರ ಪಾಡಿಗೆ ಅವರಿದ್ದಾರೆ. ಹಾಗಾಗಿ ಆಲೂರಿನ ಕೊಟ್ಟಿಗೆ ಬರೆದರೆ ತಪ್ಪೇನೂ ಇಲ್ಲ. ಆ ಹಿರಿಯರಿಗೆ ಈ ಎರಡು ಚಿತ್ರ ತೋರಿಸಿ.

ವಾಕ್ಯದೀಪ (ಹಾಸನ)
ಸಹೋದರರೇ, ಒಂದು ಎಚ್ಚರಿಕೆ. ‘ಕೈಯಿಂದ ಕಟ್ಟಿದ ಗುಡಿಗಳಲ್ಲಿ ಆತನು ವಾಸಿಸುವುದಿಲ್ಲ’ ಅಂತ ಅಪೊಸ್ತಲರ ಕೃತ್ಯಗಳಲ್ಲಿದೆ. ಹಳೇ ಮರ, ಹಳೇ ಹೆಂಚಿಗೆ ಪವಿತ್ರತೆ ಅಂಟಿಸಬೇಡಿ. ಬೈಬಲ್ಲಿನಲ್ಲಿ ಕಣಜದ ಮಾತು ಯಾವಾಗಲೂ ಒಳ್ಳೆಯ ಅರ್ಥದಲ್ಲೇ ಬರುತ್ತದೆ ಅಂತೇನಿಲ್ಲ. ಲೂಕ 12ನೇ ಅಧ್ಯಾಯ ಓದಿ. ಐಶ್ವರ್ಯವಂತ ಬೆಳೆ ತುಂಬಲು ಜಾಗ ಸಾಲದೆ ಯೋಚಿಸುತ್ತಾನೆ. ಅದೇ ರಾತ್ರಿ ಅವನ ಪ್ರಾಣ ಹೋಗುತ್ತದೆ.

ಕಾಫಿಕಣ (ಮೂಡಿಗೆರೆ)
ಅದೇ ಅಧ್ಯಾಯವನ್ನು ಸರಿಯಾಗಿ ಓದಿ ಮಾರಾಯ್ರೆ. ಆ ಮನುಷ್ಯ ಹಳೇ ಕಣಜ ಉಳಿಸಿಕೊಂಡವನಲ್ಲ. ‘ಕಣಜ ಕೆಡವಿ ದೊಡ್ಡದು ಕಟ್ಟಿಸುತ್ತೇನೆ’ ಅಂದವನು!

ವಾಕ್ಯದೀಪ (ಹಾಸನ)
ನಿಜ, ಕೆಡವಿದವನೇ. ಆದರೆ ಅವನ ತಪ್ಪು ಇದ್ದದ್ದು ದುರಾಸೆಯಲ್ಲಿ, ಕಟ್ಟಡದಲ್ಲಲ್ಲ. ನನ್ನ ಮಾತು ಅಷ್ಟೇ.

ಹೆಂಚಿನ ಗುರುತು (ಸಕಲೇಶಪುರ)
ಇದ್ದಿಲುಗೆರೆಯವರೇ, ನಿಮ್ಮ ಹೆಂಚನ್ನು ಮಗುಚಿ ನೋಡಿದ್ದೀರಾ? ಹಿಂದೆ ಕಾರ್ಖಾನೆಯ ಹೆಸರು ಒತ್ತಿರುತ್ತದೆ. ಮಂಗಳೂರು ಹೆಂಚಿನ ಮೊದಲ ಕಾರ್ಖಾನೆ ಶುರು ಮಾಡಿದ್ದು ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು, ಮಂಗಳೂರಿನ ಜೆಪ್ಪುವಿನಲ್ಲಿ, 1865ರಲ್ಲಿ. ಅದಕ್ಕೂ ಮುಂಚೆ ನಮ್ಮ ಕಡೆ ಇದ್ದದ್ದು ಕುಂಬಾರರು ಮಾಡುತ್ತಿದ್ದ ನಾಡಹೆಂಚು ಇಲ್ಲಾ ಹುಲ್ಲಿನ ಸೂರು. ನಮ್ಮ ಗೋಡೌನಿನಲ್ಲಿ ಬಾಸೆಲ್ ಮಿಷನ್ ಅಂತ ಒತ್ತಿದ ನಾಲ್ಕೈದು ಹೆಂಚು ಇನ್ನೂ ಇವೆ. ಮಿಷನ್‌ನವರು ಸುವಾರ್ತೆ ಸಾರಿದರು, ಜೊತೆಗೆ ನಮ್ಮ ದನಗಳ ತಲೆ ಮೇಲೆ ಸೂರನ್ನೂ ಕೊಟ್ಟರು.

ಮಲೆನಾಡ ಹುಡುಗಿ (ಕೊಪ್ಪ)
ಹಲಸಿನ ಕಂಬದ ಬುಡದಲ್ಲಿ ಕಲ್ಲಿದೆಯಾ ನೋಡಿ. ಇದ್ದರೆ ಕಂಬ ಗಟ್ಟಿ ಇರುತ್ತದೆ. ನೆಲಕ್ಕೆ ತಾಗಿದ ಕಂಬಕ್ಕೆ ಗೆದ್ದಲು ಬೇಗ ಬರುತ್ತದೆ. ಇನ್ನೊಂದು, ತೊಲೆ ಮೇಲಿನ ಇಲ್ಲಣ (ಹೊಗೆಯ ಮಸಿ) ಗುಡಿಸಿ ಹಾಕಬೇಡಿ. ಮಳೆಗಾಲದಲ್ಲಿ ಸೊಳ್ಳೆಗೆ ಅಂತ ಹಸಿ ಸೊಪ್ಪಿನ ಹೊಗೆ ಹಾಕುತ್ತಿದ್ದರಲ್ಲ, ಆ ಹೊಗೆಯೇ ಮರವನ್ನು ಹುಳದಿಂದ ಕಾಯ್ದದ್ದು ಅಂತ ನಮ್ಮ ತಾತ ಹೇಳುತ್ತಿದ್ದರು. ಅದರ ಕಪ್ಪು ಬಣ್ಣ ನಿಮ್ಮ ಇದ್ದಿಲಿಗೆ ಚೆನ್ನಾಗಿ ಹೊಂದುತ್ತದೆ ಕೂಡ.

ಬಯಲುಸೀಮೆ_ಅಣ್ಣ (ಅರಸೀಕೆರೆ)
ಈ ಕಲ್ಲಿನ ಬುಡದ ಮಾತು ಸರಿ. ಅದು ಗಟ್ಟಿ ಇದ್ದರೆ ಕೆಡವುವ ಬಗ್ಗೆ ನಾನೂ ಇನ್ನೊಮ್ಮೆ ಯೋಚಿಸುತ್ತೇನೆ.

ಹಳೇಬೇರು (ಬೇಲೂರು)
ಇಂಗ್ಲೆಂಡಿನಲ್ಲಿ ಗ್ರೇಟ್ ಕಾಕ್ಸ್‌ವೆಲ್ ಅಂತ ಒಂದು ಕಣಜವಿದೆ. ಸಿಸ್ಟರ್ಷಿಯನ್ ಸನ್ಯಾಸಿಗಳ ಮಠದ ಹೊಲಮನೆಯದ್ದು. 1292ರ ಸುಮಾರಿಗೆ ಕಟ್ಟಿದ್ದು, ಇವತ್ತಿಗೂ ನಿಂತಿದೆ. ಉದ್ದ ಸುಮಾರು 46 ಮೀಟರ್. ಅಲ್ಲೂ ಓಕ್ ಮರದ ಕಂಬಗಳನ್ನು ಎತ್ತರದ ಕಲ್ಲಿನ ಪೀಠದ ಮೇಲೆ ನಿಲ್ಲಿಸಿದ್ದಾರೆ. ಕೊಪ್ಪದ ತಂಗಿ ಹೇಳಿದ ಅದೇ ಉಪಾಯ. ಒಳಗಿನ ಫೋಟೋ ನೋಡಿದರೆ ಎರಡು ಸಾಲು ಕಂಬ, ನಡುವೆ ಎತ್ತರದ ಜಾಗ, ಥೇಟ್ ಚರ್ಚು. ನಾವು ಬೇಲೂರಿನವರು ಕಲ್ಲಿನ ಕೆತ್ತನೆ ನೋಡಿ ಬೆಳೆದವರು, ಕಲೆ ಅಂದರೆ ಅದೇ ಅಂದುಕೊಂಡಿದ್ದೆವು. ಬಡಗಿಯ ಕೆಲಸ ನೋಡುವ ಕಣ್ಣು ನನಗೆ ಬಂದದ್ದು ತಡವಾಗಿ.

ಸಂಜೆ ಓದು (ಚಿಕ್ಕಮಗಳೂರು)
ಒಂದು ತಿದ್ದುಪಡಿ. ಲೂಕನ ಶುಭಸಂದೇಶದಲ್ಲಿ ‘ಕೊಟ್ಟಿಗೆ’ ಅನ್ನುವ ಪದವೇ ಇಲ್ಲ. ಗೋದಲಿ ಮಾತ್ರ ಇದೆ. ಎತ್ತು, ಕತ್ತೆಯೂ ಇಲ್ಲ. ಅವು ಬಂದದ್ದು ಪ್ರವಾದಿ ಯೆಶಾಯನ 1ನೇ ಅಧ್ಯಾಯದಿಂದ. ಎತ್ತಿಗೆ ತನ್ನ ಯಜಮಾನ ಗೊತ್ತು, ಕತ್ತೆಗೆ ಒಡೆಯನ ಗೋದಲಿ ಗೊತ್ತು, ನನ್ನ ಜನಕ್ಕೆ ಮಾತ್ರ ತಿಳಿಯದು ಅನ್ನುತ್ತಾನಲ್ಲ, ಅಲ್ಲಿಂದ. ಸಂತ ಫ್ರಾನ್ಸಿಸ್ 1223ರಲ್ಲಿ ಇಟಲಿಯ ಗ್ರೆಚ್ಚೊ ಊರಿನಲ್ಲಿ ಹುಲ್ಲು ಹಾಸಿ, ನಿಜವಾದ ಎತ್ತು ಕತ್ತೆ ನಿಲ್ಲಿಸಿ ಕ್ರಿಸ್ಮಸ್ ಪೂಜೆ ಮಾಡಿಸಿದ ಮೇಲೆ ಗೋದಲಿ ಕಟ್ಟುವ ಪದ್ಧತಿ ಎಲ್ಲ ಕಡೆ ಹರಡಿತು.

ಇನ್ನೊಂದು ವಿಷಯ. ಯೇಸು ಹುಟ್ಟಿದಾಗ ಛತ್ರದಲ್ಲಿ ಜಾಗವಿರಲಿಲ್ಲ ಅಂತ ಲೂಕ ಬರೆಯುತ್ತಾನಲ್ಲ, ಅಲ್ಲಿ ನಾವು ‘ಛತ್ರ’ ಅಂದುಕೊಂಡಿರುವ ಗ್ರೀಕ್ ಪದ ‘ಕಟಾಲುಮಾ’. ಯೇಸುವಿನ ಕಡೆಯ ಭೋಜನ ನಡೆದ ಕೋಣೆಗೂ ಲೂಕ ಅದೇ ಪದ ಬಳಸುತ್ತಾನೆ. ಒಳ್ಳೆಯ ಸಮಾರಿಯದವನ ಕಥೆಯ ಛತ್ರಕ್ಕೆ ಬೇರೆ ಪದವಿದೆ. ಅದಕ್ಕೇ ಕೆಲವು ವಿದ್ವಾಂಸರು ಹೀಗೆ ಹೇಳುತ್ತಾರೆ: ನೆಂಟರ ಮನೆಯ ಅತಿಥಿ ಕೋಣೆ ತುಂಬಿತ್ತು, ಹಾಗಾಗಿ ಮನೆಯವರೇ ಇರುವ, ದನ ಕಟ್ಟುವ ನಡುಮನೆಯಲ್ಲೇ ಜಾಗ ಕೊಟ್ಟರು. ಅಂದರೆ ಯಾರೂ ಅವರನ್ನು ಹೊರಗೆ ತಳ್ಳಲಿಲ್ಲ. ಹಾಸನದ ಹಳೇ ಮನೆಗಳಲ್ಲಿ ಬಾಗಿಲು ದಾಟಿದ ಕೂಡಲೇ ದನ ಕಟ್ಟುತ್ತಿದ್ದರಲ್ಲ, ಅಂಥದೇ ಮನೆ.

ತೆನೆಹಬ್ಬ (ಬಾಳೆಹೊನ್ನೂರು)
ಹೌದು ಹೌದು! ನಮ್ಮಜ್ಜಿ ತವರು ಚನ್ನರಾಯಪಟ್ಟಣದ ಕಡೆ. ಅಲ್ಲಿ ಮಲಗಿದರೆ ರಾತ್ರಿಯೆಲ್ಲ ಎತ್ತು ಮೆಲುಕು ಹಾಕುವ ಸದ್ದು. ಚಳಿಗಾಲದಲ್ಲಿ ಅವುಗಳ ಮೈಶಾಖಕ್ಕೇ ಮನೆ ಬೆಚ್ಚಗಿರುತ್ತಿತ್ತು. ಮಗು ಮಲಗಿಸಲು ಅದಕ್ಕಿಂತ ಬೆಚ್ಚನೆ ಜಾಗ ಯಾವುದಿದೆ?

ಹೊಳೆಯಾಚೆ (ಅರಕಲಗೂಡು)
ಎಲ್ಲರ ಮಾತು ಓದಿದೆ. ನನಗೆ ಬೇರೆಯದೇ ಒಂದು ಹೇಳಬೇಕಿದೆ.

ನಮ್ಮಜ್ಜಿ ಒಬ್ಬ ಜಮೀನ್ದಾರರ ಮನೆಯ ಕೊಟ್ಟಿಗೆ ಬಾಚುತ್ತಿದ್ದಳು. ಕೋಳಿ ಕೂಗುವ ಹೊತ್ತಿಗೆ ಹೋಗಿ ಸಗಣಿ ಎತ್ತಿ, ಗಂಜಲ ಬಳಿದು, ಮಂಕರಿ ತಲೆ ಮೇಲಿಟ್ಟು ತಿಪ್ಪೆಗೆ ಹಾಕಿ ಬರಬೇಕು. ಕೂಲಿ ಅಂದರೆ ಸುಗ್ಗಿಯಲ್ಲಿ ಒಂದಿಷ್ಟು ರಾಗಿ. ಅವಳು ಹೋಗುತ್ತಿದ್ದದ್ದು ಹಿಂದಿನ ಬಾಗಿಲಿನಿಂದ. ಕೊಟ್ಟಿಗೆ ದಾಟಿ ಮನೆಯೊಳಗೆ ಒಂದು ದಿನವೂ ಕಾಲಿಟ್ಟಿಲ್ಲ. ಬಿಡುತ್ತಿರಲಿಲ್ಲ. ಕಾಫಿ ಕೊಟ್ಟರೆ ತೆಂಗಿನ ಚಿಪ್ಪಿನಲ್ಲಿ. ದನ ಮನೆಯೊಳಗೇ ಇರಬಹುದಿತ್ತು, ಅವಳು ಇರುವಂತಿರಲಿಲ್ಲ.

ನಮ್ಮವರು ಚರ್ಚಿಗೆ ಹೋಗಲು ಶುರು ಮಾಡಿದ ಮೇಲೆ ಮೊದಲ ಕ್ರಿಸ್ಮಸ್‌ನಲ್ಲಿ ಈ ಕಥೆ ಕೇಳಿ ಅವಳು ಪಕ್ಕದವರನ್ನು ಕೇಳಿದಳಂತೆ, ‘ಅವರನ್ನೂ ಒಳಗೆ ಬಿಡ್ಲಿಲ್ವಾ?’ ಅಂತ. ಮನೆಯಲ್ಲಿ ಈ ಮಾತು ಇವತ್ತಿಗೂ ಹೇಳುತ್ತಾರೆ. ಅವಳ ನಂಬಿಕೆ ಶುರುವಾದದ್ದೇ ಆ ಪ್ರಶ್ನೆಯಿಂದ.

ಸಂಜೆ ಓದು ಅವರೇ, ನಿಮ್ಮ ಗ್ರೀಕ್ ಸರಿ ಇರಬಹುದು. ಆದರೆ ‘ಯಾರೂ ಹೊರಗೆ ತಳ್ಳಲಿಲ್ಲ’ ಅಂತ ನೀವು ಬರೆದದ್ದನ್ನು ಓದಿ ನನಗೆ ಬೇಜಾರಾಯಿತು. ಹಾಗೇ ಬೆಳಕು, ನಯವಾದ ಮರ, ಬೆಚ್ಚನೆ ಜಾಗ ಅಂತ ಎಲ್ಲರೂ ಬರೆದಿದ್ದೀರಿ. ಬಾಚಿದವರ ಮಾತು ಒಬ್ಬರೂ ಎತ್ತಲಿಲ್ಲ.

ಸಂಜೆ ಓದು (ಚಿಕ್ಕಮಗಳೂರು)
ಅಕ್ಕ, ಕ್ಷಮಿಸಿ. ಪದದ ಅರ್ಥ ಹೇಳುವ ಉತ್ಸಾಹದಲ್ಲಿ ಅಷ್ಟು ಖಡಾಖಂಡಿತವಾಗಿ ಬರೆಯಬಾರದಿತ್ತು. ಆ ಅರ್ಥ ಹಿಡಿದರೂ ಒಂದು ಉಳಿಯುತ್ತದೆ. ಹೆರಿಗೆಗೆ ಬಂದ ಹೆಣ್ಣುಮಗಳಿಗೆ ಒಳ್ಳೆಯ ಕೋಣೆ ಯಾರೂ ಬಿಟ್ಟುಕೊಡಲಿಲ್ಲ. ಮಗು ಮಲಗಿದ್ದು ದನದ ಮೇವಿನ ಜಾಗದಲ್ಲೇ. ಮೊದಲು ನೋಡಲು ಬಂದವರು ಹೊಲದಲ್ಲಿ ರಾತ್ರಿ ಕುರಿ ಕಾಯುತ್ತಿದ್ದವರು. ದೇವದೂತ ಅವರಿಗೆ ಕೊಟ್ಟ ಗುರುತೇ ಗೋದಲಿ. ನಿಮ್ಮಜ್ಜಿ ಹಿಡಿದದ್ದು ಕಥೆಯ ನಡುಮಧ್ಯವನ್ನೇ.

ವಾಕ್ಯದೀಪ (ಹಾಸನ)
ಅಕ್ಕ ಹೇಳಿದ್ದು ಓದಿ ನನಗೂ ಮಾತು ನಿಂತಿತು. ನಾನು ಕಟ್ಟಡದ ಬಗ್ಗೆ ವಾದ ಮಾಡುತ್ತಿದ್ದೆ. ನಮ್ಮ ಸಭೆಯಲ್ಲೂ ಬೆಳೆಹಬ್ಬದ ದಿನ ತೆನೆ, ಕುಂಬಳಕಾಯಿ, ಕೋಳಿ ತಂದಿಟ್ಟು ಹರಾಜು ಹಾಕುತ್ತೇವೆ. ಬೆಳೆದವರ ಹೆಸರು ಹೇಳುತ್ತೇವೆ. ಕೊಯ್ದವರ, ಕಣ ಮಾಡಿದವರ ಹೆಸರು ಹೇಳಿದ್ದು ನನಗೆ ನೆನಪಿಲ್ಲ.

ಕಾಫಿಕಣ (ಮೂಡಿಗೆರೆ)
ತೋಟದ ಕಡೆಯೂ ಇದೇ ಕಥೆ. ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಮನೆ ಫೋಟೋ ಎಲ್ಲರೂ ಹಾಕುತ್ತಾರೆ, ಕೂಲಿಯವರು ಇರುವ ಲೈನ್ ಮನೆಯ ಫೋಟೋ ಯಾರೂ ಹಾಕುವುದಿಲ್ಲ.

ದೀಪಾವಳಿ ಕರು (ಅಜ್ಜಂಪುರ)
ನಾನು ಕ್ರೈಸ್ತನಲ್ಲ, ಆದರೂ ಬರೆಯಬೇಕು ಅನ್ನಿಸಿತು. ನಮ್ಮದು ಅಮೃತಮಹಲ್ ದನಗಳ ಸೀಮೆ. ದೀಪಾವಳಿಗೆ ಕೊಟ್ಟಿಗೆ ಸಾರಿಸಿ, ಗೋದಲಿ ಮೇಲೆ ಹಣತೆ ಇಡುತ್ತೇವೆ. ಆ ಕೆಲಸ ಮಾಡಿದವರಿಗೆ ಎಡೆ ಹೊರಗೇ ಬಡಿಸುವುದನ್ನು ನಾನೂ ಕಣ್ಣಾರೆ ನೋಡಿ ಬೆಳೆದವನು. ಹೊಳೆಯಾಚೆ ಅಕ್ಕನ ಮಾತು ನಮಗೂ ತಾಗುತ್ತದೆ.

ಮಲೆನಾಡ ಹುಡುಗಿ (ಕೊಪ್ಪ)
ಸ್ವಲ್ಪ ಬೇರೆ ವಿಷಯ, ಕ್ಷಮಿಸಿ. ಹಾಸನದ ಹತ್ತಿರದ ಶೆಟ್ಟಿಹಳ್ಳಿಯ ಪಾಳು ಚರ್ಚಿನ ಚಿತ್ರ ಯಾರಾದರೂ ಬರೆದಿದ್ದೀರಾ? ಬೇಸಿಗೆಯಲ್ಲಿ ಹೋಗಿದ್ದೆ. ಸೂರಿಲ್ಲದ ಕಮಾನುಗಳೊಳಗೆ ದನ ಮಲಗಿದ್ದವು. ಬಿಸಿಲಿಗೆ ನೆರಳು ಹುಡುಕಿ ಬಂದಿದ್ದವೇನೋ. ತುಂಬಾ ಹೊತ್ತು ನೋಡುತ್ತಾ ನಿಂತಿದ್ದೆ.

ಹಳೇಬೇರು (ಬೇಲೂರು)
1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ್ದು. ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗಿದ ಮೇಲೆ ಹಿನ್ನೀರು ಬಂತು. ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಪೂರ್ತಿ ಕಾಣುತ್ತದೆ. ಎಲ್ಲರೂ ಬರೆಯುವುದು ನೀರಿನಲ್ಲಿ ನಿಂತ ಚರ್ಚನ್ನು. ನೀವು ಕಂಡ ದನಗಳನ್ನು ಬರೆಯಿರಿ, ಅದು ಯಾರೂ ಬರೆಯದ ಚಿತ್ರ.

ತೆನೆಹಬ್ಬ (ಬಾಳೆಹೊನ್ನೂರು)
ಆ ಊರು ಬಿಟ್ಟು ಬಂದವರನ್ನು ಕೇಳಿದರೆ ಚರ್ಚಿಗಿಂತ ಮೊದಲು ಕೊಟ್ಟಿಗೆ, ಕಣ, ಗದ್ದೆ ನೆನೆಸುತ್ತಾರೆ. ನಮ್ಮ ನೆಂಟರೊಬ್ಬರು ಹಾಗೇ. ಸೆಪ್ಟೆಂಬರ್ 8ರ ತೆನೆ ಹಬ್ಬಕ್ಕೆ ಬಂದಾಗಲೆಲ್ಲ ಹೊಸ ತೆನೆ ಕೈಯಲ್ಲಿ ಹಿಡಿದು, ‘ನಮ್ಮ ಗದ್ದೆಯ ಅಕ್ಕಿಯೇ ಬೇರೆ’ ಅನ್ನುತ್ತಾರೆ. ಆ ಗದ್ದೆ ಈಗ ನೀರಿನ ಕೆಳಗಿದೆ.

ಇದ್ದಿಲುಗೆರೆ (ಆಲೂರು)
ಮೂರು ದಿನ ಬರೆಯಲಾಗಲಿಲ್ಲ, ಎಲ್ಲ ಓದುತ್ತಿದ್ದೆ. ಹೊಳೆಯಾಚೆ ಅಕ್ಕ, ನಿಮ್ಮ ಮಾತು ಓದಿದ ದಿನ ಅಮ್ಮನನ್ನು ಕೇಳಿದೆ, ನಮ್ಮ ಕೊಟ್ಟಿಗೆ ಯಾರು ಬಾಚುತ್ತಿದ್ದರು ಅಂತ. ಅಮ್ಮ ಒಂದು ಹೆಸರು ಹೇಳಿದಳು. ನಾನು ಚಿಕ್ಕವನಾಗಿದ್ದಾಗ ನೋಡಿದ್ದೇನೆ, ಹೆಸರು ಮಾತ್ರ ಗೊತ್ತಿರಲಿಲ್ಲ. ಅವರೂ ಹಿಂದಿನ ಬಾಗಿಲಿನಿಂದಲೇ ಬರುತ್ತಿದ್ದರು. ನಾವು ಕ್ರೈಸ್ತರ ಮನೆಯವರು, ಆದರೂ ಹಾಗೇ ನಡೆದಿದೆ. ಈ ಎರಡು ತಿಂಗಳಲ್ಲಿ ನಲವತ್ತು ಹಾಳೆ ಬರೆದಿದ್ದೇನೆ. ಕಂಬ ಇದೆ, ನೊಗ ಇದೆ, ಬೆಳಕಿದೆ. ಒಂದರಲ್ಲೂ ಅವರಿಲ್ಲ.

ದೊಡ್ಡ ಚಿತ್ರವನ್ನು ಮತ್ತೆ ಮೊದಲಿನಿಂದ ಶುರು ಮಾಡಿದ್ದೇನೆ. ಗೋದಲಿಯ ಪಕ್ಕ ಮಂಕರಿ, ಪೊರಕೆ ಇಟ್ಟಿದ್ದೇನೆ. ಬಾಗಿ ಸಗಣಿ ಬಾಚುವ ಒಬ್ಬ ಹೆಂಗಸನ್ನು ಹಿಂದಿನಿಂದ ಬರೆಯೋಣ ಅಂತಿದ್ದೇನೆ. ಸರಿಯಾ ಅಕ್ಕ?

ಹೊಳೆಯಾಚೆ (ಅರಕಲಗೂಡು)
ಹಿಂದಿನಿಂದ ಬೇಡ. ಅವಳನ್ನು ಎಲ್ಲರೂ ಬಾಗಿದ ಬೆನ್ನಾಗಿಯೇ ನೋಡಿದ್ದು. ಮುಖ ಬರೆಯಿರಿ. ಮಂಕರಿ ಕೆಳಗಿಟ್ಟು ಮಗುವನ್ನು ನೋಡುತ್ತಿರಲಿ. ಕೈ ತೊಳೆಯದೆಯೇ ಇರಲಿ, ಪರವಾಗಿಲ್ಲ.

ಎರಡನೇ ಸಾಲು (ಚಿಕ್ಕಮಗಳೂರು)
ಇದಕ್ಕಿಂತ ಒಳ್ಳೆಯ ಸಲಹೆ ನಾನು ಕೊಡಲಾರೆ. ಕೆಲಸದ ಮಾತು ಒಂದೇ. ಇದ್ದಿಲಿನ ಚಿತ್ರಕ್ಕೆ ಮೇಲೆ ಫಿಕ್ಸೇಟಿವ್ (ಪುಡಿ ಉದುರದಂತೆ ಹಿಡಿಯುವ ದ್ರವ) ಹೊಡೆಯಿರಿ, ಇಲ್ಲದಿದ್ದರೆ ಚರ್ಚಿನಲ್ಲಿ ಜನ ಮುಟ್ಟಿ ಅಳಿಸಿಬಿಡುತ್ತಾರೆ. ಕಾಗದ ಗೋಡೆಗೆ ತಾಗದಂತೆ ಚೌಕಟ್ಟು ಹಾಕಿಸಿ. ನಮ್ಮ ಕಡೆಯ ಮಳೆಗೆ ಬೂಸ್ಟು ಬರುತ್ತದೆ. ಬೆಳಕಿನ ಜಾಗದಲ್ಲಿ ಬಿಳಿ ಬಳಿಯಬೇಡಿ, ಕಾಗದವನ್ನೇ ಖಾಲಿ ಬಿಡಿ.

ಬಯಲುಸೀಮೆ_ಅಣ್ಣ (ಅರಸೀಕೆರೆ)
ಹಿರಿಯರು ಒಪ್ಪಿದರಾ? ಕೊಟ್ಟಿಗೆ ಕಥೆ ಏನಾಯಿತು?

ಇದ್ದಿಲುಗೆರೆ (ಆಲೂರು)
ಹಿರಿಯರಲ್ಲಿ ಇಬ್ಬರು ಮನೆಗೇ ಬಂದು ಅರ್ಧ ಬರೆದ ಚಿತ್ರ ನೋಡಿದರು. ಒಬ್ಬರು ಏನೂ ಹೇಳದೆ ಹೋದರು. ಇನ್ನೊಬ್ಬರು ಆ ಹೆಂಗಸಿನ ಮುಖ ನೋಡಿ ಯಾರು ಅಂತ ಕೇಳಿದರು. ಹೆಸರು ಹೇಳಿದೆ. ಆ ಹೆಂಗಸಿನ ಮಗಳು ಈಗ ಹಾಸನದಲ್ಲಿದ್ದಾಳೆ, ಕ್ರಿಸ್ಮಸ್‌ಗೆ ಕರೆಯೋಣ ಅಂದರು. ಚಿತ್ರ ಇಡುತ್ತಾರೋ ಇಲ್ಲವೋ ಇನ್ನೂ ಗೊತ್ತಿಲ್ಲ.

ಕೊಟ್ಟಿಗೆಯ ಕಂಬಗಳನ್ನು ಬಡಗಿಯನ್ನು ಕರೆಸಿ ನೋಡಿಸಿದೆವು. ಬುಡದಲ್ಲಿ ಕಲ್ಲಿದೆ, ಹದಿನಾಲ್ಕು ಗಟ್ಟಿ ಇವೆ. ಎರಡು ಬದಲಾಯಿಸಬೇಕು. ರೀಪು ಪೂರ್ತಿ ಹೋಗಿದೆ. ಪಿಕಪ್ ಒಳಗೇ ನಿಲ್ಲಿಸುವಷ್ಟು ಜಾಗ ಮಾಡಿಕೊಟ್ಟರೆ ಕೆಡವುವುದಿಲ್ಲ ಅಂತ ಅಣ್ಣ ಒಪ್ಪಿದ್ದಾನೆ. ಗೋದಲಿ ಇರುವ ಬದಿ ಮುಟ್ಟುವುದಿಲ್ಲ. ಆದರೆ ಇನ್ನೂರು ಹೆಂಚು ಕಡಿಮೆ ಬೀಳುತ್ತವೆ. ಹೊಸದು ಇದಕ್ಕೆ ಕೂರುತ್ತಿಲ್ಲ, ಅಳತೆ ಬೇರೆ. ಹಳೇ ಹೆಂಚು ಯಾರ ಬಳಿಯಾದರೂ ಇದೆಯಾ?

ಹೆಂಚಿನ ಗುರುತು (ಸಕಲೇಶಪುರ)
ನಮ್ಮ ಗೋಡೌನಿನ ಹಿಂದೆ ಜೋಡಿಸಿಟ್ಟದ್ದು ಮುನ್ನೂರರ ಹತ್ತಿರ ಇದೆ. ಪಾಚಿ ಹಿಡಿದಿದೆ, ತೊಳೆದರೆ ಆಯಿತು. ದುಡ್ಡು ಬೇಡ. ಅಳತೆ ಕೂರುತ್ತದಾ ನೋಡಲು ಒಂದು ಹೆಂಚು ತನ್ನಿ. ಗಾಜಿನ ಹೆಂಚೂ ಒಂದಿದೆ, ಬೇಕಾ?

ಇದ್ದಿಲುಗೆರೆ (ಆಲೂರು)
ಬೇಕು ಸರ್. ಭಾನುವಾರ ಪೂಜೆ ಮುಗಿಸಿಕೊಂಡು ಬರುತ್ತೇವೆ. ಅಣ್ಣನೇ ಪಿಕಪ್ ತರುತ್ತಾನೆ.